ಕಾಫಿ ಹಣ್ಣಿನಲ್ಲಿ ಕೋಶ ವಿಭಜನೆ: ಕಣದಲ್ಲೇ ಕೂತು ಮಾಡಿ ನೋಡಿ

ಅಣ್ಣನ ಮಗಳು ಮಡಿಕೇರಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಕ್ರಿಸ್‌ಮಸ್ ರಜೆಗೆ ಚೆಟ್ಟಳ್ಳಿ ಹತ್ತಿರದ ನಮ್ಮ ತೋಟಕ್ಕೆ ಬಂದವಳು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಜೀವಶಾಸ್ತ್ರದ ಪುಸ್ತಕ ಹಿಡಿದಿದ್ದಳು. ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಅಂತ ಕೋಶ ಒಡೆಯುವ ಹಂತಗಳನ್ನು ಮಗ್ಗಿ ಒಪ್ಪಿಸುವ ಹಾಗೆ ಹೇಳಿಕೊಳ್ಳುತ್ತಿದ್ದಳು.

‘ಕೋಶ ಒಡೆಯುವ ಬಗೆ ಎರಡು, ಮೈಟಾಸಿಸ್ ಮತ್ತು ಮಿಯಾಸಿಸ್. ಅವಕ್ಕೆ ಏನು ವ್ಯತ್ಯಾಸ?’ ಅಂದೆ.

‘ಒಂದರಲ್ಲಿ ಎರಡು ಕೋಶ ಆಗುತ್ತೆ, ಇನ್ನೊಂದರಲ್ಲಿ ನಾಲ್ಕು ಚಿಕ್ಕಪ್ಪ.’

ಉತ್ತರ ತಪ್ಪಲ್ಲ. ಆದರೆ ಮದುವೆ ಊಟಕ್ಕೆ ಹೋಗಿ ಬಂದವರು ಎಲೆ ಎಷ್ಟು ಹಾಕಿದ್ದರು ಅಂತ ಮಾತ್ರ ಹೇಳಿದ ಹಾಗಾಯಿತು. ನಾನೂ ಹಾಗೇ ಓದಿದವನು. ಪರೀಕ್ಷೆಯಲ್ಲಿ ಮಿಯಾಸಿಸ್ ಚಿತ್ರ ಕೇಳಿದಾಗ ಮೈಟಾಸಿಸ್ ಚಿತ್ರವನ್ನೇ ಎರಡು ಸಲ ಬರೆದು ಬಂದಿದ್ದೆ. ಐದು ಅಂಕ ಹೋಯಿತು. ಆ ಐದು ಅಂಕದ ಸಿಟ್ಟಿನಲ್ಲೇ ಅವಳ ಪುಸ್ತಕ ಮುಚ್ಚಿಸಿ, ಎದುರಿಗಿದ್ದ ಕಾಫಿ ರಾಶಿಗೆ ಕೈ ಹಾಕಿದೆ.

ಬೇಕಾಗುವ ಸಾಮಾನು

ಚೆನ್ನಾಗಿ ಹಣ್ಣಾದ ಕೆಂಪು ಕಾಫಿ ನಾಲ್ಕು: ಎರಡು ದೊಡ್ಡವು, ಎರಡು ಸಣ್ಣವು. ಬಲಿತ ಹಸಿರು ಕಾಯಿಯೂ ಹಾಗೇ ನಾಲ್ಕು. ನಮ್ಮಲ್ಲಿ ಬೆಳೆಯುವ ಎರಡು ಜಾತಿಯ ಕಾಫಿಯಲ್ಲಿ, ಡಿಸೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಮುಗಿಯುತ್ತಾ, ರೋಬಸ್ಟಾ ಬಣ್ಣ ತಿರುಗುತ್ತಾ ಇರುತ್ತದೆ. ಹಾಗಾಗಿ ಎಲ್ಲ ಅಳತೆಯೂ ಸಿಗುತ್ತದೆ. ಒಂದು ಬ್ಲೇಡು, ಎರಡು ಊಟದ ತಟ್ಟೆ, ಒಂದು ಚೂರು ಸೀಮೆಸುಣ್ಣ. ಇಷ್ಟೇ.

ಕಾಫಿ ಹಣ್ಣನ್ನೇ ಯಾಕೆ ಆರಿಸಿದೆ ಅಂದರೆ, ಅದರೊಳಗೆ ಎರಡು ಬೀಜ ಇರುತ್ತದೆ. ಚಪ್ಪಟೆ ಮೈ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತದೆ. ವಿಭಜನೆಗೆ ಸಿದ್ಧವಾದ ವರ್ಣತಂತು, ಅಂದರೆ ಕ್ರೋಮೋಸೋಮ್, ಥೇಟ್ ಹೀಗೇ ಇರುತ್ತದೆ. ಒಂದೇ ತಂತುವಿನ ಎರಡು ಪ್ರತಿ, ಅಕ್ಕತಂಗಿಯರ ಹಾಗೆ ಸೆಂಟ್ರೋಮಿಯರ್ ಎಂಬ ಜಾಗದಲ್ಲಿ ಬಿಗಿಯಾಗಿ ಸೇರಿಕೊಂಡಿರುತ್ತವೆ. ಹಣ್ಣು ಒಂದು, ಬೀಜ ಎರಡು. ಕ್ರೋಮೋಸೋಮ್ ಒಂದು, ಎಳೆ ಎರಡು.

ಕೆಂಪು ಅಮ್ಮನ ಕಡೆಯದು, ಹಸಿರು ಅಪ್ಪನ ಕಡೆಯದು ಅಂತ ಇಟ್ಟುಕೊಳ್ಳೋಣ. ದೊಡ್ಡ ಕೆಂಪು ಮತ್ತು ದೊಡ್ಡ ಹಸಿರು ಒಂದು ಜೋಡಿ. ಸಣ್ಣ ಕೆಂಪು ಮತ್ತು ಸಣ್ಣ ಹಸಿರು ಇನ್ನೊಂದು ಜೋಡಿ. ನಮ್ಮ ಆಟದ ಕೋಶದಲ್ಲಿ ಹೀಗೆ ನಾಲ್ಕು ಕ್ರೋಮೋಸೋಮ್. ಮನುಷ್ಯರ ಕೋಶದಲ್ಲಿ 46, ಅಂದರೆ 23 ಜೋಡಿ. ಈರುಳ್ಳಿಯಲ್ಲಿ 16. ರೋಬಸ್ಟಾದಲ್ಲಿ 22, ಅರೇಬಿಕಾದಲ್ಲಿ 44. ಈ ಕೊನೆಯ ಎರಡು ಅಂಕಿ ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಮೊದಲು ಪೀಬೆರಿ

ರಾಶಿಯಲ್ಲಿ ಹುಡುಕಿದರೆ ಒಂಟಿ ಬೀಜದ ಹಣ್ಣು ಸಿಗುತ್ತದೆ. ನಾವು ಪೀಬೆರಿ ಅನ್ನುತ್ತೇವಲ್ಲ, ಅದು. ಕೋಶ ತನ್ನ ದಿನದ ಕೆಲಸ ಮಾಡಿಕೊಂಡಿರುವಾಗ ಅದರ ಕ್ರೋಮೋಸೋಮ್‌ಗಳೆಲ್ಲ ಪೀಬೆರಿಗಳೇ. ಒಂದೊಂದರಲ್ಲಿ ಒಂದೇ ಎಳೆ. ವಿಭಜನೆ ಶುರುವಾಗುವ ಮೊದಲೇ ಕೋಶ ಪ್ರತಿ ಎಳೆಗೂ ಇನ್ನೊಂದು ಪ್ರತಿ ತೆಗೆದಿಡುತ್ತದೆ. ಆಗ ಪೀಬೆರಿ ಎರಡು ಬೀಜದ ಹಣ್ಣಾಗುತ್ತದೆ. ನಮ್ಮ ಒಂದು ಕೋಶದ ಡಿಎನ್‌ಎ ಬಿಡಿಸಿ ಎಳೆದರೆ ಸುಮಾರು 2 ಮೀಟರ್ ಬರುತ್ತದೆ. ಅಷ್ಟನ್ನೂ ನಕಲು ಮಾಡಬೇಕು. ಹಾಗಾಗಿ ಕೋಶದ ಜಾಸ್ತಿ ಸಮಯ ಹೋಗುವುದು ಈ ತಯಾರಿಗೇ. ಸುಮಾರು 24 ಗಂಟೆಗೊಮ್ಮೆ ಒಡೆಯುವ ಮನುಷ್ಯರ ಕೋಶದಲ್ಲಿ ನಿಜವಾದ ಮೈಟಾಸಿಸ್ ಒಂದು ಗಂಟೆಯ ಕೆಲಸ, ಅಷ್ಟೇ.

ಇಲ್ಲಿ ಬಹಳ ಮಕ್ಕಳು ಎಡವುತ್ತಾರೆ. ನಕಲಾದ ಮೇಲೆ ಕ್ರೋಮೋಸೋಮ್ ಸಂಖ್ಯೆ ಎರಡು ಪಟ್ಟಾಯಿತು ಅಂದುಕೊಳ್ಳುತ್ತಾರೆ. ಇಲ್ಲ. ಹಣ್ಣು ಎಣಿಸಿ, ಬೀಜ ಎಣಿಸಬೇಡಿ. ಹಣ್ಣು ಈಗಲೂ ನಾಲ್ಕೇ.

ಮೈಟಾಸಿಸ್: ಹಣ್ಣು ಸೀಳುವುದು

ಒಂದು ತಟ್ಟೆಗೆ ನಾಲ್ಕು ಹಣ್ಣು ಹಾಕಿ. ಉದ್ದವಾಗಿ ಹರಡಿಕೊಂಡಿದ್ದ ತಂತುಗಳು ಈಗ ಸುತ್ತಿಕೊಂಡು ಗಿಡ್ಡ, ದಪ್ಪ ಆಗುತ್ತವೆ. ಕೋಶಕೇಂದ್ರದ ಪೊರೆ ಕರಗುತ್ತದೆ. ಇದು ಪ್ರೋಫೇಸ್.

ತಟ್ಟೆಯ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ನಾಲ್ಕು ಹಣ್ಣನ್ನೂ ಆ ಗೆರೆ ಮೇಲೆ ಒಂದೇ ಸಾಲಿನಲ್ಲಿ ನಿಲ್ಲಿಸಿ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ. ಯಾರ ಪಕ್ಕ ಯಾರು ಅನ್ನುವುದು ಮುಖ್ಯವಲ್ಲ. ಜೋಡಿಗೆ ಜೋಡಿಯ ಪರಿಚಯವೇ ಇಲ್ಲ. ಕೋಶದ ಎರಡೂ ತುದಿಯಿಂದ ಕದಿರೆಳೆಗಳು, ಅಂದರೆ ಎಳೆಯುವ ಹಗ್ಗದಂಥ ಸ್ಪಿಂಡಲ್ ದಾರಗಳು, ಬಂದು ಪ್ರತಿ ಹಣ್ಣಿನ ಎರಡೂ ಬೀಜಕ್ಕೆ ಒಂದೊಂದು ಕಡೆಯಿಂದ ಹಿಡಿದುಕೊಳ್ಳುತ್ತವೆ. ಇದು ಮೆಟಾಫೇಸ್. ಒಂದೇ ಒಂದು ಹಣ್ಣಿಗೆ ಹಿಡಿತ ಸಿಗದಿದ್ದರೂ ಕೋಶ ಮುಂದಕ್ಕೆ ಹೋಗದೆ ಕಾಯುತ್ತದೆ.

ಈಗ ಬ್ಲೇಡು. ಹಣ್ಣನ್ನು ತೊಟ್ಟಿನಿಂದ ತುದಿಯವರೆಗೆ ಸೀಳಬೇಕು, ಸರಿಯಾಗಿ ಎರಡು ಬೀಜದ ಸಂದಿನಲ್ಲಿ. ಬ್ಲೇಡು ಬೀಜಕ್ಕೆ ತಾಗಿ ನಿಂತರೆ ಒತ್ತಬೇಡಿ, ಹಣ್ಣನ್ನು ಕಾಲು ಸುತ್ತು ತಿರುಗಿಸಿ. ಸಂದು ಸಿಕ್ಕಿದರೆ ಬೆಣ್ಣೆ ಕುಯ್ದ ಹಾಗೆ ಇಳಿಯುತ್ತದೆ. ಎರಡು ಹೋಳು, ಪ್ರತಿ ಹೋಳಲ್ಲಿ ಒಂದು ಬೀಜ, ಬೆನ್ನಿಗೆ ಅದರದೇ ಬಣ್ಣದ ಸಿಪ್ಪೆ. ಸುಮ್ನೆ ಹಿಂಡಿ ಬೀಜ ತೆಗೆದರೆ ಬಣ್ಣ ಹೋಗಿಬಿಡುತ್ತದೆ. ನಾನು ಮೊದಲು ಹಾಗೇ ಮಾಡಿ, ಯಾವುದು ಅಮ್ಮನದು ಯಾವುದು ಅಪ್ಪನದು ತಿಳಿಯದೆ ಮತ್ತೆ ಶುರು ಮಾಡಬೇಕಾಯಿತು.

ಪ್ರತಿ ಹಣ್ಣಿನ ಒಂದು ಹೋಳು ಎಡಕ್ಕೆ, ಒಂದು ಹೋಳು ಬಲಕ್ಕೆ. ಇದು ಅನಾಫೇಸ್. ಈಗ ಎರಡೂ ಕಡೆ ಎಣಿಸಿ: ದೊಡ್ಡ ಕೆಂಪು, ದೊಡ್ಡ ಹಸಿರು, ಸಣ್ಣ ಕೆಂಪು, ಸಣ್ಣ ಹಸಿರು. ಎರಡೂ ಕಡೆ ಅದೇ ನಾಲ್ಕು. ಆಮೇಲೆ ಎರಡು ಗುಂಪಿಗೂ ಹೊಸ ಪೊರೆ ಬರುತ್ತದೆ, ಅದು ಟೀಲೋಫೇಸ್. ಪ್ರಾಣಿಕೋಶ ನಡುವೆ ಹಿಂಡಿಕೊಂಡು ತುಂಡಾಗುತ್ತದೆ. ಗಿಡದ ಕೋಶಕ್ಕೆ ಗಟ್ಟಿ ಗೋಡೆ ಇರುವುದರಿಂದ ಹಿಂಡಿಕೊಳ್ಳಲು ಆಗದು, ನಡುವೆ ಹೊಸ ಗೋಡೆ ಕಟ್ಟಿಕೊಳ್ಳುತ್ತದೆ.

ಗಾಯ ಮಾಯುವುದು, ಬೇರು ಇಳಿಯುವುದು, ಮಗು ಬೆಳೆಯುವುದು ಎಲ್ಲ ಇದರಿಂದಲೇ.

ಮಿಯಾಸಿಸ್: ಮೊದಲು ಜೋಡಿ ಬಿಡಿಸಿ, ಆಮೇಲೆ ಹಣ್ಣು ಸೀಳಿ

ಹೊಸ ನಾಲ್ಕು ಹಣ್ಣು ಇನ್ನೊಂದು ತಟ್ಟೆಗೆ. ಇದು ಅಂಡಾಣು, ವೀರ್ಯಾಣು, ಪರಾಗ ಆಗುವ ಜಾಗದಲ್ಲಿ ಮಾತ್ರ ನಡೆಯುವ ಕೆಲಸ. ಪ್ರತಿ ತೆಗೆಯುವುದು ಇಲ್ಲೂ ಮೊದಲೇ ಆಗಿದೆ.

ಇಲ್ಲಿ ಹಣ್ಣುಗಳು ಜೋಡಿ ಹುಡುಕುತ್ತವೆ. ದೊಡ್ಡ ಕೆಂಪಿನ ಮೈಗೆ ದೊಡ್ಡ ಹಸಿರು, ಸಣ್ಣ ಕೆಂಪಿನ ಮೈಗೆ ಸಣ್ಣ ಹಸಿರು. ಹೀಗೆ ಅಂಟಿಕೊಂಡಿರುವಾಗ ಅವು ತುಂಡು ಬದಲಾಯಿಸಿಕೊಳ್ಳುತ್ತವೆ. ದೊಡ್ಡ ಕೆಂಪು ಹಣ್ಣಿನ ಒಂದು ಬೀಜದ ಕಡೆಯಿಂದ ಉಗುರಿನಷ್ಟು ಸಿಪ್ಪೆ ಕೆತ್ತಿ. ದೊಡ್ಡ ಹಸಿರಿನಲ್ಲೂ ಅದೇ ಜಾಗದಿಂದ ಅಷ್ಟೇ ಕೆತ್ತಿ. ಅದಲು ಬದಲು ಅಂಟಿಸಿ. ಗೋಂದು ಬೇಡ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಹಣ್ಣಿನ ಲೋಳೆ ಬೆರಳಿಗೆ ಹತ್ತಿದರೆ ತೊಳೆದರೂ ಹೋಗೋಲ್ಲ. ಕೆಂಪು ಹಣ್ಣಿನ ಲೋಳೆ ಒಂದು ತೊಟ್ಟು ಸಾಕು. ಇದಕ್ಕೆ ಕ್ರಾಸಿಂಗ್ ಓವರ್ ಅನ್ನುತ್ತಾರೆ. ಅಜ್ಜಿ ತಾತ ಬೆರೆಯುವುದು ಇಲ್ಲೇ. ನೀವು ಮಗುವಿಗೆ ಕೊಡುವ ಒಂದೇ ಕ್ರೋಮೋಸೋಮ್‌ನಲ್ಲಿ ನಿಮ್ಮ ಅಮ್ಮನದೂ ಇರುತ್ತದೆ, ಅಪ್ಪನದೂ ಇರುತ್ತದೆ.

ಈಗ ಗೆರೆಯ ಮೇಲೆ ನಿಲ್ಲಿಸಿ. ಒಂದೇ ಸಾಲಲ್ಲ, ಜೋಡಿ ಜೋಡಿಯಾಗಿ, ಗೆರೆಯ ಆಚೆ ಒಂದು ಈಚೆ ಒಂದು. ನಾನು ಪರೀಕ್ಷೆಯಲ್ಲಿ ಕೆಟ್ಟಿದ್ದು ಇದೇ ಚಿತ್ರದಲ್ಲಿ. ದೊಡ್ಡ ಕೆಂಪು ಎಡಕ್ಕಿದ್ದರೆ ಸಣ್ಣ ಕೆಂಪೂ ಎಡಕ್ಕೇ ಇರಬೇಕು ಅಂತೇನಿಲ್ಲ. ಪ್ರತಿ ಜೋಡಿಗೂ ಬೇರೆ ಬೇರೆ ನಾಣ್ಯ ಚಿಮ್ಮಿದ ಹಾಗೆ. ಎರಡು ಜೋಡಿಗೆ ನಾಲ್ಕು ಬಗೆ. ಮನುಷ್ಯರ 23 ಜೋಡಿಗೆ 83 ಲಕ್ಷಕ್ಕೂ ಜಾಸ್ತಿ ಬಗೆ, ಅದೂ ಸಿಪ್ಪೆ ಬದಲಾವಣೆ ಲೆಕ್ಕಕ್ಕೆ ಹಿಡಿಯದೆ. ಒಂದೇ ಮನೆಯ ಅಣ್ಣ ತಮ್ಮಂದಿರ ಮೂಗು ಬೇರೆ ಬೇರೆ ಯಾಕೆ ಅಂತ ಇನ್ನು ಕೇಳಬೇಡಿ.

ಬ್ಲೇಡು ಮುಟ್ಟಬೇಡಿ. ಇಡೀ ಹಣ್ಣನ್ನೇ ಎಳೆಯಿರಿ. ಒಂದು ತುದಿಗೆ ಒಂದು ದೊಡ್ಡದು, ಒಂದು ಸಣ್ಣದು. ಇನ್ನೊಂದು ತುದಿಗೂ ಹಾಗೇ. ನಾಲ್ಕಿದ್ದದ್ದು ಎರಡೆರಡಾಯಿತು. ಸಂಖ್ಯೆ ಅರ್ಧವಾಗುವುದು ಇಲ್ಲಿ, ಈ ಮೊದಲ ಸುತ್ತಿನಲ್ಲಿ. ಎರಡನೆಯದರಲ್ಲಿ ಅಂತ ಬರೆದವರಿಗೆ ಅಂಕ ಇಲ್ಲ.

ಹಾಗಾದರೆ ಮೈಟಾಸಿಸ್‌ನಲ್ಲಿ ಸೀಳಿದ ಹಣ್ಣು ಇಲ್ಲಿ ಯಾಕೆ ಸೀಳಲಿಲ್ಲ? ಎರಡು ಬೀಜವನ್ನು ಹಿಡಿದಿಡುವ ಅಂಟಿನಂಥ ಪ್ರೋಟೀನ್ ಇದೆ, ಕೊಹೆಸಿನ್ ಅಂತ. ಮೈಟಾಸಿಸ್‌ನಲ್ಲಿ ಅದು ಪೂರ್ತಿ ಕತ್ತರಿಸಿ ಹೋಗುತ್ತದೆ. ಮಿಯಾಸಿಸ್‌ನ ಮೊದಲ ಸುತ್ತಿನಲ್ಲಿ ಸೆಂಟ್ರೋಮಿಯರ್ ಹತ್ತಿರದ ಅಂಟನ್ನು ಮಾತ್ರ ಇನ್ನೊಂದು ಪ್ರೋಟೀನ್ ಕಾಪಾಡುತ್ತದೆ. ಅದರ ಹೆಸರು ಶುಗೋಶಿನ್. ಜಪಾನಿ ಮಾತು, ಅರ್ಥ ಕಾವಲು ದೈವ. ಊರಿಗೊಂದು ದೈವ ಇರುವ ನಮ್ಮ ಕಡೆಯವರಿಗೆ ಈ ಹೆಸರು ಮರೆಯುವುದು ಕಷ್ಟ, ಅಲ್ವಾ?

ಎರಡನೇ ಸುತ್ತಿಗೆ ಮುಂಚೆ ಮತ್ತೆ ಪ್ರತಿ ತೆಗೆಯುವುದಿಲ್ಲ. ಈಗ ಬ್ಲೇಡು ತೆಗೆದುಕೊಳ್ಳಿ. ಎರಡೂ ಕಡೆಯ ಹಣ್ಣುಗಳನ್ನು ಮೈಟಾಸಿಸ್‌ನಲ್ಲಿ ಮಾಡಿದ ಹಾಗೇ ಸೀಳಿ ಬೇರೆ ಮಾಡಿ. ನಾಲ್ಕು ಗುಂಪು, ಪ್ರತಿಯೊಂದರಲ್ಲಿ ಎರಡು ಹೋಳು. ದೊಡ್ಡ ಹೋಳುಗಳನ್ನು ಸಾಲಾಗಿಟ್ಟು ನೋಡಿ: ಪೂರ್ತಿ ಕೆಂಪು, ಹಸಿರು ತೇಪೆಯ ಕೆಂಪು, ಕೆಂಪು ತೇಪೆಯ ಹಸಿರು, ಪೂರ್ತಿ ಹಸಿರು. ಒಂದರ ಹಾಗೆ ಇನ್ನೊಂದಿಲ್ಲ.

ಗಂಡಿನಲ್ಲಿ ನಾಲ್ಕೂ ವೀರ್ಯಾಣು ಆಗುತ್ತವೆ. ಹೆಣ್ಣಿನಲ್ಲಿ ಒಂದೇ ಅಂಡಾಣು, ಉಳಿದವು ಕಿರುಕೋಶಗಳಾಗಿ ಹಾಳಾಗುತ್ತವೆ. ಹೆಣ್ಣುಮಗು ಹುಟ್ಟುವ ಮೊದಲೇ ಅವಳ ಅಂಡಕೋಶಗಳು ಮಿಯಾಸಿಸ್ ಶುರು ಮಾಡಿ, ಜೋಡಿ ಹಿಡಿದ ಹಂತದಲ್ಲೇ ನಿಂತುಬಿಡುತ್ತವೆ, ವರ್ಷಗಟ್ಟಲೆ. ಆ ಹೊತ್ತಿಗೆ ಅಂಟು ಸಡಿಲವಾದರೆ ಒಂದು ಹಣ್ಣು ದಾರಿ ತಪ್ಪಿ ಪಕ್ಕದ ಗುಂಪಿಗೆ ಹೋಗಬಹುದು. 21ನೇ ಕ್ರೋಮೋಸೋಮ್ ಹೀಗೆ ಒಂದು ಹೆಚ್ಚಾದರೆ ಮಗುವಿಗೆ 47 ಬರುತ್ತದೆ. ಅದೇ ಡೌನ್ ಸಿಂಡ್ರೋಮ್.

ತೋಟದಲ್ಲಿ ಇದೆಲ್ಲ ಎಲ್ಲಿದೆ?

ಒಳ್ಳೆಮೆಣಸಿನ ಬಳ್ಳಿ ಕತ್ತರಿಸಿ ಪಾಲಿಥೀನ್ ಚೀಲದಲ್ಲಿ ನೆಡುತ್ತೀರಲ್ಲ, ಅಲ್ಲಿ ಬರೀ ಮೈಟಾಸಿಸ್. ತಾಯಿಬಳ್ಳಿಯ ಗುಣವೇ ಬರುತ್ತದೆ. ರೋಬಸ್ಟಾ ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ, ಬೇರೆ ಗಿಡದ್ದೇ ಬೇಕು. ಹಾಗಾಗಿ ಬೀಜದ ಸಸಿ ಒಂದೊಂದು ಒಂದೊಂದು ಥರ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ, ಅದಕ್ಕೇ ಸಸಿಗಳು ಹೆಚ್ಚು ಕಡಿಮೆ ಒಂದೇ ಥರ. ಕೊಡಗಿನ ಕಿತ್ತಳೆ ಇನ್ನೂ ತಮಾಷೆ. ಒಂದೇ ಬೀಜದಿಂದ ಎರಡು ಮೂರು ಸಸಿ ಏಳುತ್ತವೆ, ಅದರಲ್ಲಿ ಕೆಲವು ತಾಯಿಯ ಅಂಗಾಂಶದಿಂದಲೇ ಮೈಟಾಸಿಸ್‌ನಲ್ಲಿ ಹುಟ್ಟಿದವು. ಬೀಜ ನೆಟ್ಟೆ ಅಂದುಕೊಂಡರೂ ಕಡ್ಡಿ ನೆಟ್ಟ ಹಾಗೇ.

ಇನ್ನು ಆ 22 ಮತ್ತು 44. ರೋಬಸ್ಟಾ ಪರಾಗದಲ್ಲಿ 11, ಅರೇಬಿಕಾ ಅಂಡದಲ್ಲಿ 22. ಸೇರಿದರೆ 33. ಈ 33ನ್ನು ಜೋಡಿ ಮಾಡಲು ಹೋಗಿ, ಒಂಟಿ ಉಳಿಯದೆ ಇರಲು ಸಾಧ್ಯವೇ? ಮಿಯಾಸಿಸ್ ಕೆಡುತ್ತದೆ, ಗಿಡ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ನಾವು ತಿನ್ನುವ ಬಾಳೆಹಣ್ಣುಗಳಲ್ಲೂ ಹೆಚ್ಚಿನವಕ್ಕೆ ಇದೇ 33. ಬೀಜ ಇಲ್ಲ, ಕಂದು ನೆಟ್ಟೇ ಬೆಳೆಸಬೇಕು. ಆದರೆ ಟಿಮೋರ್ ದ್ವೀಪದಲ್ಲಿ ಒಮ್ಮೆ ಅರೇಬಿಕಾ, ರೋಬಸ್ಟಾ ತಾವಾಗಿಯೇ ಕೂಡಿ 44ರ ಗಿಡ ಹುಟ್ಟಿತು. ರೋಬಸ್ಟಾ ಕಡೆಯ ಮಿಯಾಸಿಸ್ ತಪ್ಪಿ, ಅರ್ಧವಾಗದ 22 ಹಾಗೇ ಬಂದಿರಬೇಕು ಅನ್ನುತ್ತಾರೆ. ಎಲೆ ತುಕ್ಕು ರೋಗ ತಡೆಯುವ ಶಕ್ತಿ ಆ ಗಿಡದ ಜೊತೆ ಬಂತು. ನಮ್ಮ ತೋಟಗಳ ಚಂದ್ರಗಿರಿ ತಳಿಯ ಒಂದು ಕಡೆಯ ಹಿರಿಯರು ಆ ಟಿಮೋರ್ ಗಿಡದವರೇ.

ನಿಜವಾದದ್ದನ್ನು ನೋಡಬೇಕೆ?

ಈರುಳ್ಳಿಯ ಒಣ ಬೇರು ಕಿತ್ತು, ನೀರು ತುಂಬಿದ ಲೋಟದ ಬಾಯಿಗೆ ತಳ ತಾಗುವ ಹಾಗೆ ಕೂರಿಸಿ. ನಾಲ್ಕೈದು ದಿನಕ್ಕೆ ಬಿಳಿ ಬೇರು ಬರುತ್ತದೆ. ನಮ್ಮ ಡಿಸೆಂಬರ್ ಚಳಿಗೆ ಇನ್ನೊಂದೆರಡು ದಿನ ಜಾಸ್ತಿ ಹಿಡಿಯಬಹುದು. ಮುಂದಿನದ್ದು ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರು ಜೊತೆಗಿದ್ದಾಗ ಮಾತ್ರ. ಬೇರಿನ ತುದಿ ಕತ್ತರಿಸಿ, ಮೂರು ಪಾಲು ಆಲ್ಕೋಹಾಲ್ ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಒಂದು ದಿನ ಇಡಬೇಕು. ಆಮೇಲೆ ಅಸಿಟೋಕಾರ್ಮೈನ್ ಬಣ್ಣಕ್ಕೆ ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಕುದಿಯದ ಹಾಗೆ ಬಿಸಿ ಮಾಡಬೇಕು. ಬಣ್ಣ ಹಿಡಿದ ತುದಿಯ ಎರಡು ಮಿಲಿಮೀಟರ್ ಮಾತ್ರ ಸ್ಲೈಡಿಗೆ. ಕವರ್ ಸ್ಲಿಪ್ ಮುಚ್ಚಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಬೆರಳು ಪಕ್ಕಕ್ಕೆ ಜಾರಿದರೆ ಕೋಶಗಳೆಲ್ಲ ಸುರುಳಿ ಸುತ್ತಿಕೊಳ್ಳುತ್ತವೆ.

ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಹೋದರೆ ಸಿಗುವ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಇಂಥ ಸ್ಲೈಡುಗಳ ಮೇಲೇ ಬದುಕು ಕಳೆದವರು. ಕಬ್ಬಿನ ಕ್ರೋಮೋಸೋಮ್ ಎಣಿಸಿದರು. ಬೆಳೆಗಳ ಕ್ರೋಮೋಸೋಮ್ ಲೆಕ್ಕವನ್ನೆಲ್ಲ ಒಂದೇ ಕಡೆ ಕೂಡಿಸಿದ ಪುಸ್ತಕವನ್ನು 1945ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡಾರ್ಲಿಂಗ್‌ಟನ್ ಜೊತೆ ತಂದರು.

ನಮ್ಮ ಹುಡುಗಿ ರಜೆ ಮುಗಿಸಿ ಹೋಗಿ ಸ್ಲೈಡ್ ಮಾಡಿದಳಂತೆ. ರಾತ್ರಿ ಫೋನು ಬಂತು.

‘ಬರೀ ಗುಂಡು ಗುಂಡು ಚುಕ್ಕೆ ಚಿಕ್ಕಪ್ಪ, ಎಲ್ಲ ಸುಮ್ನೆ ಕೂತಿದ್ದಾವೆ. ಹುಡುಕಿ ಹುಡುಕಿ ಕಣ್ಣು ನೋವು ಬಂತು. ಕೊನೆಗೆ ಮೂಲೆಯಲ್ಲಿ ಒಂದು ಸಿಕ್ಕಿತು.’

‘ಯಾವುದು?’

‘ಹೋಳು ಎರಡು ಕಡೆಗೆ ಹೋಗ್ತಾ ಇರೋದು.’