ಮೂವತ್ತು ಕರೆಂಟು, ಒಂದು ಮಾಸ್ಕು: ಬಾಯಿ ಕ್ಯಾನ್ಸರ್ ರೇಡಿಯೇಷನ್ ದಾಟಿದ ಬಗೆ

ಕೆನ್ನೆ ಒಳಗಿನ ಗಡ್ಡೆ ಆಪರೇಷನ್ ಆದಮೇಲೆ ನನಗೆ ಬರೆದದ್ದು 60 ಗ್ರೇ ರೇಡಿಯೇಷನ್ (ಗ್ರೇ ಅಂದರೆ ಅದರ ಪ್ರಮಾಣದ ಅಳತೆ). ದಿನಕ್ಕೆ 2 ಗ್ರೇಯಂತೆ 30 ಸಲ, ಸೋಮವಾರದಿಂದ ಶುಕ್ರವಾರ, ಒಟ್ಟು ಆರು ವಾರ. ನಮ್ಮ ದಾವಣಗೆರೆ ಕಡೆ ಇದಕ್ಕೆ ‘ಕರೆಂಟ್ ಕೊಡೋದು’ ಅಂತಾರೆ. ಆ ಮಾತು ಕೇಳಿಯೇ ಅರ್ಧ ಜನ ಹೆದರುತ್ತಾರೆ. ಕರೆಂಟ್ ಹೊಡೆಯುವುದಿಲ್ಲ, ಬಿಸಿ ತಾಗುವುದಿಲ್ಲ. ಮೆಷಿನ್ ಸುತ್ತ ತಿರುಗುವ ಸದ್ದು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಟೇಬಲ್ ಮೇಲೆ ಹತ್ತು-ಹದಿನೈದು ನಿಮಿಷ, ಅಷ್ಟೇ. ಹೊರಗಿನಿಂದ ಕೊಡುವ ಈ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ, ಮನೆಗೆ ಬಂದು ಮಕ್ಕಳನ್ನು ಎತ್ತಿಕೊಳ್ಳಬಹುದು. ಕಷ್ಟ ಇರುವುದು ಮೆಷಿನ್ ಹತ್ತಿರ ಅಲ್ಲ, ತಟ್ಟೆಯ ಮುಂದೆ.

ಮೊದಲ ಕೆಲಸ ಹಲ್ಲಿನದು. ಹುಳುಕು ಹಲ್ಲು, ಅಲ್ಲಾಡುವ ಹಲ್ಲು ಏನಿದ್ದರೂ ರೇಡಿಯೇಷನ್ ಶುರುವಾಗುವ ಎರಡು ವಾರ ಮೊದಲೇ ಕೀಳಿಸಬೇಕು, ಗಾಯ ಮಾಯಲು ಅಷ್ಟು ದಿನ ಬೇಕು. ರೇಡಿಯೇಷನ್ ಬಿದ್ದ ದವಡೆ ಮೂಳೆಗೆ ರಕ್ತ ಓಡಾಟ ಕಡಿಮೆ. ಆಮೇಲೆ ಹಲ್ಲು ಕಿತ್ತರೆ ಗಾಯ ಸುಲಭಕ್ಕೆ ಕೂಡುವುದಿಲ್ಲ, ಮೂಳೆಯೇ ಕೊಳೆಯಬಹುದು. ಇತ್ತ ಆಪರೇಷನ್ ಆಗಿ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು ಅನ್ನುವ ಲೆಕ್ಕವೂ ಇದೆ. ಹಾಗಾಗಿ ಹಲ್ಲಿನ ಡಾಕ್ಟರನ್ನು ಹೊಲಿಗೆ ಬಿಚ್ಚಿದ ವಾರವೇ ನೋಡಿ, ‘ಆಮೇಲೆ ನೋಡೋಣ’ ಅನ್ನಬೇಡಿ.

ಆಮೇಲೆ ಮಾಸ್ಕ್, ರೇಡಿಯೇಷನ್ ಕೊಡುವಾಗ ಮುಖ ಅಲುಗದಂತೆ ಹಿಡಿಯುವುದು ಇದೇ. ತೂತುತೂತಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಬಿಸಿ ಒದ್ದೆ ಟವೆಲ್ ಹೊದಿಸಿದಂತೆ ಇರುತ್ತದೆ. ಕೆಲವು ನಿಮಿಷಕ್ಕೆ ಗಟ್ಟಿಯಾಗಿ ನಿಮ್ಮ ಮೂಗು, ಗಲ್ಲದ ಅಚ್ಚೇ ಆಗಿಬಿಡುತ್ತದೆ. ತೂತುಗಳಿಂದ ಉಸಿರಾಟಕ್ಕೆ ತೊಂದರೆ ಇಲ್ಲ. ಆ ದಿನ ಗಡ್ಡ ಬೋಳಿಸಿಕೊಂಡು, ಕೂದಲು ಕತ್ತರಿಸಿಕೊಂಡು ಹೋಗಿ. ದಪ್ಪ ಗಡ್ಡದ ಮೇಲೆ ಅಚ್ಚು ತೆಗೆದು ಆಮೇಲೆ ಬೋಳಿಸಿದರೆ ಮಾಸ್ಕ್ ಸಡಿಲ. ಅದನ್ನು ಹಾಕಿಯೇ ಸಿ.ಟಿ. ಸ್ಕ್ಯಾನ್ ಮಾಡಿ, ಡಾಕ್ಟರು ಮತ್ತು ಫಿಸಿಸಿಸ್ಟ್ (ರೇಡಿಯೇಷನ್ ಲೆಕ್ಕ ಹಾಕುವವರು) ಸೇರಿ ಎಲ್ಲಿಗೆ ಎಷ್ಟು ಅನ್ನುವ ಪ್ಲಾನ್ ಹಾಕುತ್ತಾರೆ. ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಸುಮ್ಮನೆ ಕಾಯಿಸುತ್ತಿದ್ದಾರೆ ಅಂದುಕೊಳ್ಳಬೇಡಿ.

ಇಡೀ ಆರು ವಾರದ ಗುಟ್ಟು ಈ ಮಾಸ್ಕಿನಲ್ಲೇ ಇದೆ. ಕೆನ್ನೆ ಇಳಿದರೆ ಅದು ಸಡಿಲವಾಗುತ್ತದೆ. ಸಡಿಲವಾದರೆ ಮುಖ ಕೆಲವು ಮಿಲಿಮೀಟರ್ ಅಲುಗಾಡಿ ಗುರಿ ತಪ್ಪುತ್ತದೆ, ಮತ್ತೆ ಅಚ್ಚು, ಮತ್ತೆ ಸ್ಕ್ಯಾನ್, ಮತ್ತೆ ಪ್ಲಾನ್. ನಡುವೆ ದಿನ ಕಳೆಯುತ್ತವೆ. ಉಳಿದಿರಬಹುದಾದ ಕ್ಯಾನ್ಸರ್ ಕಣ ಆ ಬಿಡುವಿನಲ್ಲಿ ಮತ್ತೆ ಬೆಳೆಯುವುದರಿಂದ ದಿನ ತಪ್ಪುವುದು ಸಣ್ಣ ವಿಷಯ ಅಲ್ಲ. ನಾಲ್ಕನೇ ವಾರ ನನ್ನ ತೂಕ 4 ಕೆ.ಜಿ. ಇಳಿದು ಮಾಸ್ಕ್ ಒಳಗೆ ಗಲ್ಲ ಆಡತೊಡಗಿದಾಗ ಟೆಕ್ನಿಷಿಯನ್‌ಗೆ ನಾನೇ ಹೇಳಿದೆ. ನೀವೂ ಹೇಳಿ, ಅವರೇ ನೋಡಿಕೊಳ್ಳುತ್ತಾರೆ ಅಂತ ಸುಮ್ಮನಿರಬೇಡಿ. ಪ್ರತಿ ಸೋಮವಾರ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ.

ಟ್ರೀಟ್‌ಮೆಂಟ್ ಬೆಂಗಳೂರಿನಲ್ಲಿ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಬರುವವರಿಗೆ ಶೇ. 75, ಆಸ್ಪತ್ರೆಯಿಂದ ಫಾರಂ ತುಂಬಿಸಿ ತರಬೇಕು. ಮೊದಲ ಎರಡು ವಾರ ಶುಕ್ರವಾರ ಊರಿಗೆ ಬಂದು ಭಾನುವಾರ ರಾತ್ರಿ ಹೋಗಬಹುದು. ಮೂರನೇ ವಾರದಿಂದ ಆ ಓಡಾಟ ನಿಲ್ಲಿಸಿ ಆಸ್ಪತ್ರೆ ಹತ್ತಿರವೇ ಇರುವುದು ಒಳ್ಳೆಯದು. ಪ್ರಯಾಣದ ಎರಡು ಹೊತ್ತೂ ಊಟ ತಪ್ಪುತ್ತದೆ, ಒಂದು ರೈಲು ತಪ್ಪಿದರೆ ಸೋಮವಾರದ ಕರೆಂಟೂ ತಪ್ಪುತ್ತದೆ.

ಎರಡನೇ ವಾರದ ಕೊನೆಗೆ ರುಚಿ ಹೋಗುತ್ತದೆ. ಮೂರನೇ ವಾರ ಬಾಯಿ ಹುಣ್ಣು, ಅಂಟಂಟು ಜೊಲ್ಲು. ಇದು ಎಲ್ಲರಿಗೂ ಆಗುವಂಥದ್ದು, ಔಷಧಿ ತಪ್ಪಿ ಆದದ್ದಲ್ಲ. ಮೊದಲ ದಿನದಿಂದಲೇ, ಹುಣ್ಣು ಬರುವ ಮುಂಚೆಯೇ ಬಾಯಿ ಮುಕ್ಕಳಿಸುವುದು ಶುರುಮಾಡಿ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ. ಎಚ್ಚರ ಇರುವಷ್ಟು ಹೊತ್ತೂ ಎರಡು ಗಂಟೆಗೊಮ್ಮೆ. ದಿನಾ ಹೊಸದಾಗಿ ಕಲಸಿ. ಅಂಗಡಿಯ ಉರಿಯುವ ಮೌತ್‌ವಾಶ್ ಬೇಡ. ನೋವಿನ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿ. ನೋವು ಬಂದಮೇಲೆ ನುಂಗಿದರೆ ಆ ಹೊತ್ತಿನ ಊಟ ಹೋದಂತೆಯೇ. ಮರಗಟ್ಟಿಸುವ ಜೆಲ್ ಹಚ್ಚಿಕೊಂಡಿದ್ದರೆ ಬಿಸಿ ಗೊತ್ತಾಗುವುದಿಲ್ಲ, ಬಾಯಿ ಸುಟ್ಟುಕೊಳ್ಳುತ್ತೀರಿ. ನಾಲಿಗೆ ಮೇಲೆ ಬಿಳಿ ಮೊಸರಿನಂಥ ಪದರ ಕಂಡರೆ ಅದು ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಿ.

ಮಂಡಕ್ಕಿ ಮಿರ್ಚಿ ದೂರವೇ ಇರಲಿ, ಒಣ ರೊಟ್ಟಿಯ ತುದಿ ಕೂಡ ಗೀರುತ್ತದೆ. ಅಡಿಕೆಯನ್ನಂತೂ ಶಾಸ್ತ್ರಕ್ಕೂ ಬಾಯಿಗೆ ಹಾಕಬೇಡಿ. ಚನ್ನಗಿರಿ ಸೀಮೆಯ ಬೆಳೆಯ ಬಗ್ಗೆ ಹೀಗೆ ಬರೆಯಲು ನನಗೆ ಸಂಕಟವೇ, ಆದರೆ ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ.

ನನ್ನನ್ನು ಕಾಪಾಡಿದ್ದು ಮೊಳಕೆ ರಾಗಿ. ಮಾಮೂಲಿ ರಾಗಿ ಹಿಟ್ಟಿನ ಗಂಜಿ ಆರುತ್ತಿದ್ದಂತೆ ಗಟ್ಟಿಯಾಗುತ್ತದೆ. ಅದನ್ನು ತೆಳ್ಳಗೆ ಮಾಡಲು ನೀರು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ, ಉಜ್ಜಿ ಮೊಳಕೆ ಉದುರಿಸಿ, ಸ್ವಲ್ಪವೇ ಬೆಚ್ಚಗೆ ಹುರಿದು ಬೀಸಿ. ಘಮ ಬರಲೆಂದು ಕೆಂಪಗೆ ಹುರಿದರೆ ಗಂಜಿಯನ್ನು ನೀರಾಗಿಸುವ ಅದರ ಗುಣವೇ ಸತ್ತುಹೋಗುತ್ತದೆ. ಒಂದು ಲೋಟಕ್ಕೆ 200 ಮಿ.ಲೀ. ಹಾಲು, 20 ಗ್ರಾಂ ಈ ಹಿಟ್ಟು, ಎರಡು ದೊಡ್ಡ ಚಮಚ ಹಾಲಿನ ಪುಡಿ, ಎರಡು ಟೀ ಚಮಚ ತುಪ್ಪ, ಚೂರು ಬೆಲ್ಲ. ಹೀಗೆ ಕುದಿಸಿದ ಲೋಟದಲ್ಲಿ ಸುಮಾರು 350 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ದಿನಕ್ಕೆ ಆರು ಲೋಟ ಹೋದರೆ 55 ಕೆ.ಜಿ. ಆಳಿಗೆ ಸಾಕು. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲ ಬಿಟ್ಟು, ಲೆಕ್ಕವನ್ನು ಡಯಟಿಷಿಯನ್ ಹತ್ತಿರ ಕೇಳಿ.

ನುಂಗಲು ಆಗದೇ ಇದ್ದರೆ ಮೂಗಿನ ನಳಿಕೆ ಹಾಕುತ್ತಾರೆ. ಅದು ಸೋಲು ಅಲ್ಲ, ಬೇಗ ಹಾಕಿಸಿಕೊಂಡರೆ ತೂಕ ಇಳಿದು ಮಾಸ್ಕ್ ಸಡಿಲವಾಗುವುದು ಕಡಿಮೆ. ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಒಂದು ಸಲಕ್ಕೆ 200 ಮಿ.ಲೀ., ಕಾಲು ಗಂಟೆ ಹಿಡಿದು ನಿಧಾನಕ್ಕೆ ಬಿಡಿ. ಮುಂಚೆ ಮತ್ತು ಆಮೇಲೆ 30 ಮಿ.ಲೀ. ನೀರು. ಆ ಕೊನೆಯ ನೀರನ್ನು ಒಮ್ಮೆ ಮರೆತರೂ ನಳಿಕೆ ಕಟ್ಟಿಕೊಳ್ಳಬಹುದು. ಮೂಗಿನ ಬಳಿ ನಳಿಕೆಗೆ ಪೆನ್ನಿನಲ್ಲಿ ಗುರುತು ಹಾಕಿಡಿ, ಗುರುತು ಸರಿದಿದ್ದರೆ ಏನೂ ಹಾಕದೆ ನರ್ಸ್‌ಗೆ ತೋರಿಸಿ. ಗಂಜಿ ಬಿಟ್ಟಮೇಲೆ ಒಂದು ಗಂಟೆ ಮಲಗಬೇಡಿ.

ಕುತ್ತಿಗೆ ಚರ್ಮ ಕಪ್ಪಾಗಿ ಸಿಪ್ಪೆ ಏಳುತ್ತದೆ. ಬ್ಲೇಡ್, ಪೌಡರ್, ಅರಿಸಿನ ಯಾವುದೂ ಬೇಡ. ಕಾಲರ್ ಇಲ್ಲದ ಹತ್ತಿ ಅಂಗಿ ಹಾಕಿ, ಬಿಸಿಲಿಗೆ ಹೊರಟರೆ ಹಳೇ ಮೆತ್ತನೆ ಪಂಚೆ ಹೊದೆಯಿರಿ. ಜೊತೆಗೆ ಕಿಮೊ (ಕ್ಯಾನ್ಸರ್ ಕೊಲ್ಲುವ ಔಷಧಿ) ಇದ್ದವರಿಗೆ 100.4 ಡಿಗ್ರಿ ಜ್ವರ ಬಂದರೆ ಆ ರಾತ್ರಿಯೇ ಆಸ್ಪತ್ರೆ, ಬೆಳಗಾಗಲಿ ಅಂತ ಕಾಯುವಂತಿಲ್ಲ.

ಮೂವತ್ತನೆಯದು ಮುಗಿಸಿ ಊರಿಗೆ ಬಂದಮೇಲೆ ಹುಣ್ಣು ಇನ್ನೂ ಒಂದೆರಡು ವಾರ ಹೆಚ್ಚೇ ಆಗುತ್ತದೆ. ಇದನ್ನು ಮೊದಲೇ ತಿಳಿದಿರದ ಮನೆಯವರು ಗಾಬರಿಯಾಗುತ್ತಾರೆ. ಗಂಜಿ, ಮುಕ್ಕಳಿಸುವುದು, ನೋವಿನ ಮಾತ್ರೆ ಅದೇ ಲೆಕ್ಕದಲ್ಲಿ ಮುಂದುವರಿಯಲಿ. ಆ ದಿನಗಳಲ್ಲಿ ಬಾಯಿ ತೆರೆಯುವ ವ್ಯಾಯಾಮ ಬಿಟ್ಟರೆ ದವಡೆ ಬಿಗಿದುಕೊಳ್ಳುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ನೋವು ಶುರುವಾಗುವ ತನಕ ತೆರೆದು, ಅರ್ಧ ನಿಮಿಷ ಹಿಡಿಯಿರಿ. ದಿನಕ್ಕೆ ಐದಾರು ಬಾರಿ, ವಾರಕ್ಕೊಂದು ಕಡ್ಡಿ ಹೆಚ್ಚಿಸಲು ನೋಡಿ. ನಾನು ಹದಿನಾಲ್ಕು ಕಡ್ಡಿಯಿಂದ ಹತ್ತೊಂಬತ್ತಕ್ಕೆ ಬರಲು ಮೂರು ತಿಂಗಳು ಬೇಕಾಯಿತು. ಎರಡು ಬೆರಳು ಹೋಗುತ್ತಿದ್ದ ಬಾಯಿಗೆ ಈಗ ಮೂರನೆಯದೂ ಹಿಡಿಸುತ್ತದೆ.