ಸ್ಯಾನಿಟೈಸರ್ ಬಿಲ್‌ನಲ್ಲಿ 18 ಹೋಗಿ 5 ಬಂದಿದ್ದು ಹೀಗೆ

2021ರ ಜೂನ್ 12ರಂದು ಜಿಎಸ್‌ಟಿ ಮಂಡಳಿ ಕೋವಿಡ್ ಸಾಮಾನಿನ ತೆರಿಗೆ ಇಳಿಸಿತು. ಆಕ್ಸಿಮೀಟರ್ ಶೇಕಡಾ 12ರಿಂದ 5ಕ್ಕೆ, ಸ್ಯಾನಿಟೈಸರ್ 18ರಿಂದ 5ಕ್ಕೆ. ಕಪ್ಪು ಶಿಲೀಂಧ್ರದ ಔಷಧಿ ಆಂಫೋಟೆರಿಸಿನ್-ಬಿಗೆ ಆಗ ತೆರಿಗೆಯೇ ಇರಲಿಲ್ಲ. ಆದರೆ ನಮ್ಮ ಮೆಡಿಕಲ್ ಶಾಪಿನ ಬಿಲ್ಲಿಂಗ್ ಸಾಫ್ಟ್‌ವೇರ್ 18ನ್ನೇ ಹಾಕುತ್ತಿತ್ತು.

ಸ್ಯಾನಿಟೈಸರ್ ಬರುವ ಎಚ್‌ಎಸ್‌ಎನ್ (ತೆರಿಗೆಗಾಗಿ ಸಾಮಾನು ವಿಂಗಡಿಸುವ ಸಂಖ್ಯೆ) 3808ರ ದರವನ್ನೇ ಒಟ್ಟಾಗಿ ಬದಲಿಸಿದರೆ ಸುಲಭ, ಅಲ್ವಾ? ಆದರೆ ಸೊಳ್ಳೆ ಕಾಯಿಲ್ ಕೂಡ ಅದೇ 3808ರಲ್ಲಿದೆ, ಅದಕ್ಕೆ ರಿಯಾಯಿತಿ ಇರಲಿಲ್ಲ. ಹಾಗಾಗಿ ಸ್ಯಾನಿಟೈಸರ್‌ಗಳನ್ನು ಒಂದೊಂದಾಗಿ ತೆಗೆದು ದರ ತಿದ್ದಿದೆ.

ಹಳೇ ಸ್ಟಾಕ್‌ದೇ ಜಾಸ್ತಿ ತಲೆನೋವು. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. 118 ರೂಪಾಯಿಯ ಬಾಟಲಿಯಲ್ಲಿ 100 ಮಾಲಿನ ಬೆಲೆ, 18 ತೆರಿಗೆ. ಹೊಸ ದರದಲ್ಲಿ ಅದು 105 ಆಗಬೇಕು. ಅದೇ 118ಕ್ಕೆ ಮಾರಿದರೆ ರಿಯಾಯಿತಿ ಗಿರಾಕಿಗೆ ತಲುಪುವುದೇ ಇಲ್ಲ. ಜಿಎಸ್‌ಟಿ ಕಾನೂನಿನ 171ನೇ ಸೆಕ್ಷನ್ ಅದನ್ನು ಒಪ್ಪುತ್ತಿರಲಿಲ್ಲ. ಕಾಯಿಲೆ ಕಾಲದಲ್ಲಿ ಆ 13 ರೂಪಾಯಿ ಜನರದ್ದೇ ಅಂತ ನನಗೂ ಅನ್ನಿಸಿತ್ತು.

ಆ ಹಳೇ ಸ್ಟಾಕನ್ನು ಅಂಗಡಿಗೆ ಕೊಳ್ಳುವಾಗ ನಾನು ಕಟ್ಟಿದ 18 ಶೇಕಡಾ ಹಾಳಾಗಲಿಲ್ಲ. ಆ ಕ್ರೆಡಿಟ್ಟನ್ನು, ಅಂದರೆ ಮೊದಲೇ ಕಟ್ಟಿದ ತೆರಿಗೆಯ ಜಮೆಯನ್ನು, ಬೇರೆ ಔಷಧಿಗಳ ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆಗೆ ಹೊಂದಿಸಿಕೊಂಡೆ.

ರಿಯಾಯಿತಿ ಸೆಪ್ಟೆಂಬರ್ 30ರವರೆಗೆ ಮಾತ್ರ ಇತ್ತು. ಕೆಲವು ಔಷಧಿಗಳಿಗೆ ಡಿಸೆಂಬರ್ 31ರವರೆಗೆ ಮುಂದುವರಿಯಿತು, ಸ್ಯಾನಿಟೈಸರ್‌ಗೆ ಇಲ್ಲ. ಅಕ್ಟೋಬರ್ 1ರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅದನ್ನು ಮತ್ತೆ 18ಕ್ಕೆ ಬದಲಿಸಿದೆ.