ಹಡಗಿನಿಂದ ವಿಮಾನಕ್ಕೆ: ಕ್ಯೂನಲ್ಲಿ ಸುಸ್ತಾಗದೆ ಮೈಸೂರು ಸೇರುವುದು ಹೇಗೆ?

ಎರಡು ವರ್ಷದ ಹಿಂದೆ, ದಸರಾ ಗದ್ದಲ ಮುಗಿದ ಮೇಲೆ, ನಾವು ಮನೆಯವರೆಲ್ಲ ಮುಂಬೈಯಿಂದ ಮೂರು ರಾತ್ರಿಯ ಕ್ರೂಸ್‌ಗೆ ಹೋಗಿದ್ದೆವು. ಸಮುದ್ರ, ಊಟ, ಮಕ್ಕಳ ಆಟ, ಎಲ್ಲವೂ ಚೆನ್ನಾಗಿತ್ತು. ಕೆಟ್ಟದ್ದು ಕೊನೆಯ ದಿನ ಮಾತ್ರ.

ಹಡಗು ಬೆಳಿಗ್ಗೆ ಏಳಕ್ಕೆ ದಡಕ್ಕೆ ಬಂತು. ನಮ್ಮ ವಿಮಾನ ಹನ್ನೊಂದೂಕಾಲಿಗೆ. ನಾಲ್ಕು ಗಂಟೆ ಧಾರಾಳ ಸಾಕು ಅಂದುಕೊಂಡಿದ್ದೆವು. ಹಡಗಿನಿಂದ ಇಳಿಯೋಕೆ ಒಂದು ಸಾಲು. ಇಳಿದ ಮೇಲೆ ಬ್ಯಾಗು ಹುಡುಕೋಕೆ ಮುಕ್ಕಾಲು ಗಂಟೆ. ಟ್ಯಾಕ್ಸಿಗೆ ಇನ್ನೊಂದು ಸಾಲು. ಏರ್‌ಪೋರ್ಟ್ ಬಾಗಿಲಲ್ಲಿ, ಬ್ಯಾಗ್ ಕೊಡುವ ಕೌಂಟರಿನಲ್ಲಿ, ಸೆಕ್ಯುರಿಟಿಯಲ್ಲಿ ಮತ್ತೆ ಮತ್ತೆ ಸಾಲು. ನಮ್ಮತ್ತೆಗೆ ಎಪ್ಪತ್ತೆರಡು ವರ್ಷ, ಮಂಡಿನೋವು ಬೇರೆ. ಕೌಂಟರ್ ಮುಚ್ಚಲು ಐದು ನಿಮಿಷ ಇರುವಾಗ ಹೇಗೋ ತಲುಪಿದೆವು. ವಿಮಾನದಲ್ಲಿ ಕೂತ ಮೇಲೆ ಅತ್ತೆ ಹೇಳಿದ್ದು ಇಷ್ಟೇ: "ನಿಧಾನಕ್ಕೆ ಹೊರಟಿದ್ರೆ ಆಗ್ತಿರಲಿಲ್ವೇನಮ್ಮಾ? ರಾತ್ರಿ ಹತ್ತಕ್ಕೆ ಹೋಗಿದ್ರೂ ಮನೆ ಅಲ್ಲೇ ಇರ್ತಿತ್ತಲ್ಲ."

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನಾವು ಮೈಸೂರಿನವರು ಬೆಂಗಳೂರಲ್ಲಿ ಇಳಿದ ಮೇಲೂ ನಾಲ್ಕು ಗಂಟೆ ದಾರಿ ಇದೆ ಅಂತ ಬೆಳಗಿನ ವಿಮಾನವನ್ನೇ ಹುಡುಕುತ್ತೇವೆ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು ಅನ್ನುವ ಆಸೆ. ಹಡಗಿನಲ್ಲಿದ್ದ ಉಳಿದವರೂ ತಮ್ಮ ತಮ್ಮ ಊರಿಗೆ ಹಾಗೇ ಹೊರಟಿರುತ್ತಾರೆ. ಮಧ್ಯಮ ಗಾತ್ರದ ಹಡಗಿನಲ್ಲೇ ಸಾವಿರದೈನೂರಕ್ಕೂ ಹೆಚ್ಚು ಜನ ಇರುತ್ತಾರೆ. ಅವರೆಲ್ಲ ಎರಡು ಮೂರು ಗಂಟೆಯಲ್ಲಿ ಇಳಿದು, ಬಹುಪಾಲು ಒಂದೇ ಏರ್‌ಪೋರ್ಟಿನ ಕಡೆ ಹೊರಡುತ್ತಾರೆ. ಆ ಗುಂಪಿನ ಮುಂದೆ ಹೋಗಬೇಕು, ಇಲ್ಲವೇ ಅದು ಕರಗುವ ತನಕ ಕಾಯಬೇಕು. ನಡುವೆ ಸಿಕ್ಕಿಕೊಂಡರೆ ಕಷ್ಟ. ಈ ಜನವರಿಯಲ್ಲಿ ಎರಡನೇ ಸಲ ಹೋದಾಗ ನಾವು ಕಾಯುವ ದಾರಿ ಹಿಡಿದೆವು. ಅತ್ತೆ ಒಂದೇ ಒಂದು ಸಾಲಿನಲ್ಲೂ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲಿಲ್ಲ. ಹೇಗೆ ಅಂತ ಹೇಳುತ್ತೇನೆ.

ಮೊದಲನೆಯದು: ಟಿಕೆಟ್ ಮಾಡುವಾಗ ಹಿಂದಿನಿಂದ ಲೆಕ್ಕ ಹಾಕಿ

ಹಡಗು ಏಳಕ್ಕೆ ಬರುತ್ತದೆ ಅಂದರೆ ನೀವು ಏಳಕ್ಕೆ ಇಳಿಯುತ್ತೀರಿ ಅಂತಲ್ಲ. ಹಡಗನ್ನು ಕಟ್ಟಬೇಕು, ಬಂದರಿನವರು ಅನುಮತಿ ಕೊಡಬೇಕು, ಆಮೇಲೆ ಗುಂಪು ಗುಂಪಾಗಿ ಇಳಿಸುತ್ತಾರೆ. ನಿಮ್ಮ ಸರದಿ ಒಂಬತ್ತೂವರೆ, ಹತ್ತಾದರೂ ಆಶ್ಚರ್ಯವಿಲ್ಲ.

ಹಾಗಾಗಿ ವಿಮಾನದ ಹೊತ್ತಿನಿಂದ ಹಿಂದಕ್ಕೆ ಬನ್ನಿ. ವಿಮಾನ ನಾಲ್ಕು ಗಂಟೆಗೆ ಅಂತಿಟ್ಟುಕೊಳ್ಳಿ. ದೇಶದೊಳಗಿನ ವಿಮಾನಕ್ಕೆ ಬ್ಯಾಗ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಎರಡು ಗಂಟೆಗೆ ಏರ್‌ಪೋರ್ಟಿನಲ್ಲಿದ್ದರೆ ನೆಮ್ಮದಿ. ಮುಂಬೈ ಟ್ರಾಫಿಕ್‌ಗೆ ಒಂದೂವರೆ ಗಂಟೆ ಇಟ್ಟರೆ, ಬಂದರಿನಿಂದ ಹನ್ನೆರಡೂವರೆಗೆ ಹೊರಟರೂ ಸಾಕು. ಅಂದರೆ ಹಡಗಿನಲ್ಲಿ ತಿಂಡಿ ತಿಂದು, ಕಾಫಿ ಕುಡಿದು, ಕೊನೆಯ ಗುಂಪಿನಲ್ಲಿ ಇಳಿಯಬಹುದು. ನನ್ನ ಅನುಭವದಲ್ಲಿ ಮಧ್ಯಾಹ್ನ ಒಂದಕ್ಕಿಂತ ಮೊದಲಿನ ವಿಮಾನ ಬೇಡವೇ ಬೇಡ. ಹಿರಿಯರು, ಸಣ್ಣ ಮಕ್ಕಳು ಜೊತೆಗಿದ್ದರೆ ಮೂರರ ಮೇಲಿನದು ನೋಡಿ. ಆ ಹೊತ್ತಿನ ಟಿಕೆಟ್ ನಾಲ್ಕು ಕಾಸು ಜಾಸ್ತಿಯಾದರೂ ಕೊಡಿ. ವಿಮಾನ ತಪ್ಪಿದರೆ ಹೊಸ ಟಿಕೆಟ್‌ಗೆ ಕೊಡುವ ಹಣ ಅದಕ್ಕಿಂತ ಎಷ್ಟೋ ಜಾಸ್ತಿ.

ಮೈಸೂರಿನ ನಮ್ಮ ಮಂಡಕಳ್ಳಿ ಏರ್‌ಪೋರ್ಟಿನಲ್ಲೇ ಇಳಿದುಬಿಟ್ಟರೆ ಎಷ್ಟು ಚೆಂದ ಅಲ್ವಾ? ಆದರೆ ಅಲ್ಲಿನ ರನ್‌ವೇ ಚಿಕ್ಕದು, ಸಣ್ಣ ಎಟಿಆರ್ ವಿಮಾನಗಳಷ್ಟೇ ಓಡಾಡುವುದು, ಅವೂ ಬೆರಳೆಣಿಕೆಯಷ್ಟು. ಸದ್ಯಕ್ಕೆ ಬೆಂಗಳೂರೇ ಗತಿ.

ಎರಡನೆಯದು: ಯಾವ ಏರ್‌ಪೋರ್ಟ್, ಯಾವ ಟರ್ಮಿನಲ್?

ಇದನ್ನು ನೋಡದೆ ಹೋಗಿ ಒದ್ದಾಡಿದವರನ್ನು ನಾನು ಬಲ್ಲೆ. ಮುಂಬೈಯಲ್ಲಿ ಈಗ ಎರಡು ಏರ್‌ಪೋರ್ಟ್‌ಗಳಿವೆ. ಹಳೆಯದರಲ್ಲಿ ಟಿ1, ಟಿ2 ಎಂದು ಎರಡು ಟರ್ಮಿನಲ್. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಲು ಆಗುವುದಿಲ್ಲ. 2025ರ ಡಿಸೆಂಬರ್ 25ರಿಂದ ನವಿ ಮುಂಬೈ ಏರ್‌ಪೋರ್ಟೂ ಶುರುವಾಗಿದೆ. ಟಿಕೆಟ್ಟಿನಲ್ಲಿ ಬಿಒಎಂ ಅಂತಿದ್ದರೆ ಹಳೆಯದು, ಎನ್‌ಎಂಐ ಅಂತಿದ್ದರೆ ನವಿ ಮುಂಬೈ. ಅಲ್ಲಿಗೆ ಹೋಗುವ ದಾರಿಯೇ ಬೇರೆ. ಶಿವಡಿಯಿಂದ ಕಡಲಿನ ಮೇಲೆ ಹೋಗುವ ಅಟಲ್ ಸೇತು ಹತ್ತಬೇಕು.

ಹಡಗು ನಿಲ್ಲುವುದು ಬ್ಯಾಲಾರ್ಡ್ ಪಿಯರ್ ಹತ್ತಿರ. ಅಲ್ಲಿಂದ ಸಿಎಸ್‌ಎಂಟಿ ರೈಲು ನಿಲ್ದಾಣ ದೂರವಿಲ್ಲ. 2025ರ ಅಕ್ಟೋಬರ್‌ನಲ್ಲಿ ಮುಂಬೈ ಮೆಟ್ರೋದ 3ನೇ ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ, ಸಿಎಸ್‌ಎಂಟಿಯಲ್ಲಿ ಹತ್ತಿ ಟಿ1 ಅಥವಾ ಟಿ2 ನಿಲ್ದಾಣದಲ್ಲೇ ಇಳಿಯಬಹುದು. ಬ್ಯಾಗು ಕಡಿಮೆ ಇದ್ದು ಗಟ್ಟಿಮುಟ್ಟಾಗಿರುವವರಿಗೆ ಇದು ಬಹಳ ಒಳ್ಳೆಯ ದಾರಿ. ದೊಡ್ಡ ಸೂಟ್‌ಕೇಸುಗಳಿದ್ದರೆ ಟ್ಯಾಕ್ಸಿಯೇ ಸರಿ.

ಮೂರನೆಯದು: ವೆಬ್ ಚೆಕ್‌ಇನ್. ನೀವು ಕಡಲಿನಲ್ಲಿರುವಾಗ ಅದು ತೆರೆಯುತ್ತದೆ!

ಕ್ರೂಸ್‌ಗೆ ಹೋಗುವವರು ಎಡವುವುದು ಇಲ್ಲೇ ಜಾಸ್ತಿ. ದೇಶದೊಳಗಿನ ವಿಮಾನಗಳಿಗೆ ವೆಬ್ ಚೆಕ್‌ಇನ್, ಅಂದರೆ ಫೋನಿನಲ್ಲೇ ಬೋರ್ಡಿಂಗ್ ಪಾಸ್ ಪಡೆಯುವುದು, ಸಾಮಾನ್ಯವಾಗಿ 48 ಗಂಟೆ ಮೊದಲು ತೆರೆಯುತ್ತದೆ. ಆ ಹೊತ್ತಿಗೆ ನೀವು ನೀರಿನ ನಡುವೆ ಇರುತ್ತೀರಿ. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಹಡಗಿನ ವೈಫೈಗೆ ಬೇರೆಯಾಗಿ ದುಡ್ಡು ಕೊಡಬೇಕು. ಕೆಲವು ಹಡಗುಗಳಲ್ಲಿ ಫೋನು ತಾನಾಗಿ ಸಮುದ್ರದ ರೋಮಿಂಗ್ ಜಾಲಕ್ಕೆ ಸೇರಿಕೊಂಡು ಬಿಲ್ ಏರಿಸುತ್ತದೆ. ಹಾಗಾಗಿ ಹಡಗು ಹೊರಟ ಕೂಡಲೇ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ.

ಚೆಕ್‌ಇನ್‌ಗೆ ಮೂರು ದಾರಿ ಇದೆ. ಹಡಗು ನಡುವೆ ಗೋವಾದಲ್ಲೋ ಕೊಚ್ಚಿಯಲ್ಲೋ ನಿಂತರೆ, ಅಲ್ಲಿ ಸಿಗ್ನಲ್ ಬಂದ ಕೂಡಲೇ ಮುಗಿಸಿ. ಹಾಗೆ ನಿಲ್ಲದಿದ್ದರೆ ಒಂದು ದಿನದ ವೈಫೈ ಕೊಳ್ಳಿ, ಮನೆಯವರೆಲ್ಲರದ್ದೂ ಒಬ್ಬರೇ ಮಾಡಿಬಿಡಿ. ನನಗೆ ತುಂಬ ಇಷ್ಟವಾದದ್ದು ಮೂರನೇ ದಾರಿ. ಊರಿನಲ್ಲಿರುವ ಯಾರಿಗಾದರೂ ಮೊದಲೇ ಟಿಕೆಟ್ಟಿನ ಪಿಎನ್‌ಆರ್ ನಂಬರ್ ಕೊಟ್ಟು ಬನ್ನಿ. ನಮ್ಮ ಸಲ ಸರಸ್ವತಿಪುರದಲ್ಲಿರುವ ನನ್ನ ತಂಗಿ ರಾತ್ರಿ ಕೂತು ಎಲ್ಲರದ್ದೂ ಮಾಡಿ, ಬೋರ್ಡಿಂಗ್ ಪಾಸ್‌ಗಳನ್ನು ವಾಟ್ಸಾಪಿನಲ್ಲಿ ಹಾಕಿದ್ದಳು. ಬೆಳಿಗ್ಗೆ ಹಡಗು ದಡಕ್ಕೆ ಹತ್ತಿರ ಬಂದಾಗ ಫೋನು ಟಣ್ ಅಂತು, ಆರೂ ಪಾಸು ಕೈಯಲ್ಲಿದ್ದವು. ಇನ್ನೊಂದು ಮಾತು. ಸೀಟಿಗೆ ಹಣ ಕೊಡಿ ಅಂತ ಆ್ಯಪ್ ಒತ್ತಾಯಿಸುತ್ತದೆ. ಬೇಡವಾದರೆ ಅದನ್ನು ದಾಟಿ ಮುಂದೆ ಹೋಗಲು ಸಾಮಾನ್ಯವಾಗಿ ಒಂದು ಬಟನ್ ಇರುತ್ತದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ. ಹುಡುಕಿ.

ಏರ್‌ಪೋರ್ಟಿನಲ್ಲಿ ಮುಖ ನೋಡಿ ಒಳಬಿಡುವ ಡಿಜಿಯಾತ್ರಾ ಆ್ಯಪಿನ ನೋಂದಣಿಯನ್ನು ಮಾತ್ರ ಮೈಸೂರಿನಲ್ಲೇ, ಮನೆಯಲ್ಲೇ ಮುಗಿಸಿಕೊಳ್ಳಿ. 2022ರ ಡಿಸೆಂಬರ್ 1ರಂದು ಬೆಂಗಳೂರು, ದಿಲ್ಲಿ, ವಾರಾಣಸಿಯಲ್ಲಿ ಶುರುವಾದ ಈ ವ್ಯವಸ್ಥೆ ಈಗ ಮುಂಬೈ, ಕೊಚ್ಚಿ ಏರ್‌ಪೋರ್ಟ್‌ಗಳಲ್ಲೂ ಇದೆ. ಮುಖ ತೋರಿಸಿದರೆ ಗೇಟ್ ತೆರೆಯುತ್ತದೆ. ನೋಂದಣಿಗೆ ಆಧಾರ್ ಬೇಕು, ಅದರ ಒಟಿಪಿ ಆಧಾರ್‌ಗೆ ಜೋಡಿಸಿದ ನಂಬರಿಗೇ ಬರುತ್ತದೆ. ಅತ್ತೆಯ ಆಧಾರಿನಲ್ಲಿ ಯಾವುದೋ ಹಳೇ ನಂಬರ್ ಇತ್ತು! ಅದನ್ನು ಸರಿಮಾಡಿಸಲು ಹೊರಡುವ ಮೊದಲೇ ಆಧಾರ್ ಕೇಂದ್ರಕ್ಕೆ ಹೋಗಿಬಂದೆವು. ಬೋರ್ಡಿಂಗ್ ಪಾಸ್ ಬಂದ ಮೇಲೆ ಅದನ್ನು ಆ್ಯಪಿಗೆ ಸೇರಿಸಿ, ಹೊರಡುವ ಏರ್‌ಪೋರ್ಟಿಗೆ ಕಳಿಸಬೇಕು. ಸುಮ್ನೆ ಆ್ಯಪ್ ಇದ್ದರೆ ಸಾಲದು. ಇದು ಬಾಗಿಲಿನ ಸಾಲು ಮತ್ತು ಸೆಕ್ಯುರಿಟಿಗೆ ಒಳಹೋಗುವ ಸಾಲನ್ನು ಉಳಿಸುತ್ತದೆ. ಬ್ಯಾಗ್ ಸ್ಕ್ಯಾನ್, ಮೈ ತಪಾಸಣೆ ಎಲ್ಲರಿಗೂ ಒಂದೇ. ವಿದೇಶಿ ವಿಮಾನಕ್ಕೆ ಇದು ನಡೆಯುವುದಿಲ್ಲ.

ನಾಲ್ಕನೆಯದು: ಹಡಗಿನ ಕೊನೆಯ ರಾತ್ರಿ

ಆ ರಾತ್ರಿ ಊಟ, ಷೋ ಅಂತ ಕಳೆದುಹೋಗುತ್ತದೆ. ಆದರೂ ಒಂದು ಗಂಟೆ ಇದಕ್ಕೆ ಇಡಿ. ಸಂಜೆ ಕೋಣೆಗೆ ಬಣ್ಣಬಣ್ಣದ ಟ್ಯಾಗ್‌ಗಳು ಬರುತ್ತವೆ. ದೊಡ್ಡ ಬ್ಯಾಗಿಗೆ ಟ್ಯಾಗ್ ಕಟ್ಟಿ ರಾತ್ರಿ ಬಾಗಿಲ ಹೊರಗಿಟ್ಟರೆ ಅವರೇ ಕೆಳಗೆ ಇಳಿಸುತ್ತಾರೆ. ಬಣ್ಣದ ಪ್ರಕಾರ ನಿಮ್ಮ ಸರದಿ. ಬ್ಯಾಗನ್ನು ನಾವೇ ಹೊತ್ತುಕೊಂಡು ಇಳಿಯುತ್ತೇವೆ ಅಂದರೆ ಬಹಳಷ್ಟು ಹಡಗುಗಳಲ್ಲಿ ಮೊದಲು ಬಿಡುತ್ತಾರೆ. ಬೇರೆ ದಾರಿಯಿಲ್ಲದೆ ಬೇಗನೆ ವಿಮಾನ ಹಿಡಿಯಬೇಕಾದವರಿಗೆ ಇದೇ ದಾರಿ. ಲಿಫ್ಟುಗಳು ತುಂಬಿರುತ್ತವೆ, ಮೆಟ್ಟಿಲಲ್ಲಿ ಇಳಿಸುವ ಶಕ್ತಿ ಬೇಕು. ನಮ್ಮ ಹಾಗೆ ಮಧ್ಯಾಹ್ನದ ವಿಮಾನದವರು ಹೊರಗಿಟ್ಟು ಮಲಗಿ, ಕೊನೆಯ ಬಣ್ಣ ಕೇಳಿ ಪಡೆಯಿರಿ. ಕೆಳಗೆ ಇಳಿಯುವ ಹೊತ್ತಿಗೆ ನಿಮ್ಮ ಬ್ಯಾಗು ಖಾಲಿ ಹಾಲ್‌ನಲ್ಲಿ ಎದ್ದು ಕಾಣುತ್ತದೆ.

ಹೊರಗಿಡುವ ಬ್ಯಾಗಿನಲ್ಲಿ ಐಡಿ, ಪಾಸ್‌ಪೋರ್ಟ್, ಮಾತ್ರೆ, ಚಾರ್ಜರ್, ಒಡವೆ, ಬೆಳಿಗ್ಗೆ ಹಾಕುವ ಬಟ್ಟೆ ಇರಬಾರದು. ಅವು ಕೈಚೀಲದಲ್ಲಿರಲಿ. ಹಡಗಿನ ಖರ್ಚಿನ ಬಿಲ್ ಕೂಡ ರಾತ್ರಿಯೇ ನೋಡಿ ಮುಗಿಸಿ, ಬೆಳಿಗ್ಗೆ ಆ ಕೌಂಟರಿನಲ್ಲಿ ಜಾತ್ರೆ.

ಐದನೆಯದು: ತೂಕ ಮತ್ತು ತಿನಿಸು

ಹಡಗಿನಲ್ಲಿ ಬ್ಯಾಗು ತೂಗುವವರು ಯಾರೂ ಇಲ್ಲ, ವಿಮಾನದಲ್ಲಿ ಇದ್ದಾರೆ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ದೊಡ್ಡ ಬ್ಯಾಗಿಗೆ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ಅದು ಮೀರಿದರೆ ಕೌಂಟರ್ ಮುಂದೆ ಬ್ಯಾಗ್ ಬಿಚ್ಚಿ ಸೀರೆ ಅಲ್ಲಿಂದಿಲ್ಲಿಗೆ ಹಾಕುವುದು, ಹಣ ಕಟ್ಟಲು ಇನ್ನೊಂದು ಕೌಂಟರಿಗೆ ಓಡುವುದು. ಹಿಂದೆ ನಿಂತವರಿಗೂ ಕಷ್ಟ. ಕೈಯಲ್ಲಿ ಹಿಡಿದು ತೂಗುವ ಸಣ್ಣ ತಕ್ಕಡಿ ಸಿಗುತ್ತದೆ, ಒಂದು ಇಟ್ಟುಕೊಳ್ಳಿ.

ಸೆಕ್ಯುರಿಟಿಯಲ್ಲಿ ನಮ್ಮವರನ್ನು ನಿಲ್ಲಿಸುವ ವಸ್ತುಗಳು ಹೆಚ್ಚುಕಡಿಮೆ ಅವೇ. ಪವರ್ ಬ್ಯಾಂಕ್ ದೊಡ್ಡ ಬ್ಯಾಗಿನಲ್ಲಿದ್ದರೆ ನಿಮ್ಮನ್ನು ವಾಪಸ್ ಕರೆದು ತೆಗೆಸುತ್ತಾರೆ. ಅದು ಕೈಚೀಲದಲ್ಲೇ ಇರಬೇಕು. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಗೋವಾದಲ್ಲೋ ಕೊಚ್ಚಿಯಲ್ಲೋ ಚೆನ್ನಾಗಿದೆ ಅಂತ ಒಣ ಕೊಬ್ಬರಿ ಕೊಳ್ಳಬೇಡಿ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ಭಯ ಅಂತ ಅದನ್ನು ಎರಡೂ ಬ್ಯಾಗಿನಲ್ಲಿ ಬಿಡುವುದಿಲ್ಲ. ಗೋಡಂಬಿ, ಬಾಳೆಕಾಯಿ ಚಿಪ್ಸ್‌ಗೆ ತೊಂದರೆ ಇಲ್ಲ. ಬೆಲ್ಟ್, ಚಿಲ್ಲರೆ, ಬೀಗದಕೈ, ವಾಚು ಎಲ್ಲವನ್ನೂ ಸಾಲಿನಲ್ಲಿ ನಿಂತಾಗಲೇ ತೆಗೆದು ಕೈಚೀಲದ ಒಂದು ಜಿಪ್ಪಿನಲ್ಲಿ ಹಾಕಿಬಿಡಿ. ಟ್ರೇ ಮುಂದೆ ಜೇಬು ತಡಕಾಡುವ ಕೆಲಸ ಇರುವುದಿಲ್ಲ.

ನಡೆಯಲು ಕಷ್ಟವಿರುವ ಹಿರಿಯರಿದ್ದರೆ ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿ. ಏರ್‌ಪೋರ್ಟಿಗೆ ಹೋಗಿ ಕೇಳಿದರೆ ಅದಕ್ಕೂ ಕಾಯಬೇಕು. ಚೆನ್ನಾಗಿ ನಡೆಯುವವರು ಸಾಲು ತಪ್ಪಿಸಲು ಇದನ್ನು ಕೇಳುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ನಿಜಕ್ಕೂ ಬೇಕಾದ ಅಜ್ಜಿಯೊಬ್ಬರು ಅಲ್ಲಿ ಕಾಯುತ್ತಿರುತ್ತಾರೆ.

ಹೊರದೇಶದ ಕ್ರೂಸ್ ಆದರೆ

ಸಿಂಗಪುರದಿಂದ ಹೋಗಿ ಸಿಂಗಪುರಕ್ಕೇ ಬರುವ ಕ್ರೂಸ್‌ಗೆ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು, ಏಕೆಂದರೆ ನೀವು ದೇಶ ಬಿಟ್ಟು ಮತ್ತೆ ಒಳಗೆ ಬರುತ್ತೀರಿ. ಸಿಂಗಪುರಕ್ಕೆ ಬರುವವರು ಆನ್‌ಲೈನಿನಲ್ಲಿ ತುಂಬುವ ಎಸ್‌ಜಿ ಅರೈವಲ್ ಕಾರ್ಡನ್ನೂ ಇನ್ನೊಮ್ಮೆ ತುಂಬಬೇಕು. ವಾಪಸ್ ಬರುವ ಮುಂಚಿನ ಮೂರು ದಿನದೊಳಗೆ ಅದು ಆಗಬೇಕು. ಮರೆತರೆ ಬಂದರಿನಲ್ಲೇ ಸಾಲಿನಿಂದ ಪಕ್ಕಕ್ಕೆ ಸರಿಯಬೇಕಾಗುತ್ತದೆ. ಚಾಂಗಿ ಏರ್‌ಪೋರ್ಟಿನ 1, 2, 3ನೇ ಟರ್ಮಿನಲ್‌ಗಳಲ್ಲಿ ಸೆಕ್ಯುರಿಟಿ ಇರುವುದು ವಿಮಾನದ ಗೇಟಿನ ಬಳಿ. ಹಾಗಾಗಿ ಒಂದೇ ಕಡೆ ದೊಡ್ಡ ಸಾಲು ಇಲ್ಲ, ಆದರೆ ಗೇಟಿಗೆ ಕೊನೇ ಗಳಿಗೆಯಲ್ಲಿ ಹೋಗಬೇಡಿ. ಸಂಜೆಯ ವಿಮಾನ ಇದ್ದರೆ ಬ್ಯಾಗ್ ಇಟ್ಟುಹೋಗುವ ಸೌಲಭ್ಯ ಅಲ್ಲೇ ಇದೆ. ಅಂಗಡಿ ತೆರಿಗೆ ವಾಪಸ್ ಪಡೆಯುವ ಸಾಮಾನು ದೊಡ್ಡ ಬ್ಯಾಗಿನಲ್ಲಿದ್ದರೆ, ಬ್ಯಾಗ್ ಕೊಡುವ ಮೊದಲೇ ಆ ಕೆಲಸ ಮುಗಿಸಿ.

ಮಗ ಸೊಸೆಯನ್ನು ನೋಡಲು ಅಮೆರಿಕಕ್ಕೆ ಹೋಗಿ, ಸಿಯಾಟಲ್‌ನಿಂದ ಅಲಾಸ್ಕಾ ಕ್ರೂಸ್ ಮಾಡುವವರು ಮೈಸೂರು, ಮಂಡ್ಯದಲ್ಲಿ ಈಗ ಬಹಳ ಜನ. ಅಲ್ಲಿ ಪೋರ್ಟ್ ವ್ಯಾಲೆ ಅಂತ ಒಂದು ಉಚಿತ ವ್ಯವಸ್ಥೆ ಇದೆ. ಹಡಗಿನಲ್ಲೇ ಹೆಸರು ಕೊಟ್ಟರೆ, ಅದರಲ್ಲಿ ಸೇರಿರುವ ಏರ್‌ಲೈನ್‌ಗಳ ಪ್ರಯಾಣಿಕರ ಬ್ಯಾಗನ್ನು ಅವರೇ ಏರ್‌ಪೋರ್ಟಿಗೆ ಸಾಗಿಸುತ್ತಾರೆ. ನೀವು ಕೈಬೀಸಿಕೊಂಡು ಊರು ನೋಡಿ ಬರಬಹುದು. ಸಿಯಾಟಲ್ ಏರ್‌ಪೋರ್ಟಿನ ಸೆಕ್ಯುರಿಟಿ ಸಾಲಿಗೂ ಸ್ಪಾಟ್ ಸೇವರ್ ಅಂತ ಉಚಿತ ಮುಂಗಡ ಸಮಯ ಸಿಗುತ್ತದೆ. ಮಗನಿಗೆ ಹೇಳಿ ಮಾಡಿಸಿಕೊಳ್ಳಿ.

ವರ್ಷಕ್ಕೆ ಒಂದೆರಡು ಸಲವಾದರೂ ವಿದೇಶಕ್ಕೆ ಹೋಗುವವರು ಇಮಿಗ್ರೇಷನ್‌ನ ಫಾಸ್ಟ್ ಟ್ರ್ಯಾಕ್ ಯೋಜನೆಗೆ ಹೆಸರು ಕೊಡಿ. ಗೃಹ ಸಚಿವಾಲಯದ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಬೆರಳಚ್ಚು ಮತ್ತು ಮುಖದ ಗುರುತು ಕೊಟ್ಟರೆ ಇ-ಗೇಟಿನಲ್ಲಿ ಹೋಗಿಬರಬಹುದು. 2025ರ ಜನವರಿಯಿಂದ ಬೆಂಗಳೂರಿನಲ್ಲೂ ಇದೆ.

ಬೆಂಗಳೂರಲ್ಲಿ ಇಳಿದ ಮೇಲೆ

ಏರ್‌ಪೋರ್ಟಿನಿಂದ ಮೈಸೂರಿಗೆ ಬರುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಸೀಟನ್ನು ಮೊದಲೇ ಕಾಯ್ದಿರಿಸಿ. ಆದರೆ ವಿಮಾನ ಇಳಿಯುವ ಹೊತ್ತಿಗೂ ಬಸ್ಸಿಗೂ ನಡುವೆ ಒಂದೂವರೆ ಗಂಟೆಯಾದರೂ ಇರಲಿ, ಬ್ಯಾಗ್ ಬರುವುದು ತಡವಾಗಬಹುದು. ನಾವು ಸಂಜೆ ಆರರ ಹತ್ತಿರ ಇಳಿದು, ಕಾಫಿ ಕುಡಿದು, ಏಳೂವರೆಯ ಬಸ್ಸು ಹತ್ತಿದೆವು. ಅತ್ತೆ ಮಂಡ್ಯ ಬರುವ ತನಕ ನಿದ್ದೆ ಮಾಡಿದರು. ಹನ್ನೊಂದೂವರೆ ಹೊತ್ತಿಗೆ ಸಬರ್ಬ್ ಸ್ಟ್ಯಾಂಡಿನಲ್ಲಿ ಇಳಿದೆವು. ಆಟೋ ಕೂಡ ಕೂಡಲೇ ಸಿಕ್ಕಿತು.